ಸ್ಪೀಡ್‌ಸ್ಟರ್ ಕಟ್ಟುವವರಿಗೆ: ಮೊದಲು ಬ್ರೇಕ್, ಆಮೇಲೆ ಇಂಜಿನ್

ಪೋರ್ಷೆ 356 ಸ್ಪೀಡ್‌ಸ್ಟರ್ ಬಂದದ್ದು 1954ರಲ್ಲಿ. ಮೂರು ಸಾವಿರ ಡಾಲರ್ ಒಳಗೆ ಒಂದು ಸ್ಪೋರ್ಟ್ಸ್ ಕಾರು ಬೇಕೇ ಬೇಕು ಎಂದು ನ್ಯೂಯಾರ್ಕಿನ ಆಮದುದಾರ ಮ್ಯಾಕ್ಸ್ ಹಾಫ್‌ಮನ್ ಪಟ್ಟು ಹಿಡಿದದ್ದಕ್ಕೆ ಹುಟ್ಟಿದ ಕಾರು ಅದು. ಗಿಡ್ಡ ಗಾಜು, ತೆಳು ಟಾಪು, ಹಗುರ ಮೈ. ಈಗ ಅಸಲಿ ಕಾರು ನಮ್ಮಂಥವರ ಕೈಗೆ ಎಟುಕುವ ಮಾತಲ್ಲ. ಹಾಗಾಗಿ ಫೋಕ್ಸ್‌ವ್ಯಾಗನ್ ಬೀಟಲ್‌ನ ತಳದ ಮೇಲೆ ಫೈಬರ್ ಬಾಡಿ ಕೂರಿಸಿ ರೆಪ್ಲಿಕಾ ಮಾಡುತ್ತಾರೆ. ಈ ಎರಡಕ್ಕೂ ರಕ್ತಸಂಬಂಧ ಇದೆ. 1948ರಲ್ಲಿ ಆಸ್ಟ್ರಿಯಾದ ಗ್ಮುಂಡ್‌ನಲ್ಲಿ ತಯಾರಾದ ಮೊದಲ 356 ಕೂಡ ಬೀಟಲ್ ಸಾಮಾನುಗಳನ್ನೇ ಹೊತ್ತಿತ್ತು.

ಕ್ಯಾಲಿಫೋರ್ನಿಯಾದ ನಮ್ಮ ಮನೆಯ ಗರಾಜಿನಲ್ಲಿ ನಾನೂ ಒಂದು ಕಟ್ಟಿದೆ. ನೋಡಿದವರೆಲ್ಲ ಕೇಳುವುದು 'ಯಾವ ಇಂಜಿನ್?' ಅಂತ. ಬ್ರೇಕ್ ಬಗ್ಗೆ ಯಾರೂ ಕೇಳಲ್ಲ. ಕಟ್ಟುವವರು ಮಾತ್ರ ಅಲ್ಲಿಂದಲೇ ಶುರು ಮಾಡಬೇಕು. ಯಾಕೆಂದರೆ ಗಂಟೆಗೆ 50 ಕಿ.ಮೀ.ನಲ್ಲಿ ಓಡುವ ಕಾರು 100ಕ್ಕೆ ಏರಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಮೊದಲು ಕಾಗದಪತ್ರ

ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಕೈಯಲ್ಲಿ ಕಟ್ಟಿದ ಕಾರುಗಳಿಗೆ ಒಂದು ವಿಶೇಷ ನಿಯಮ ಇದೆ. ಬಾಡಿ ಯಾವ ವರ್ಷದ ಕಾರನ್ನು ಹೋಲುತ್ತದೋ ಆ ವರ್ಷದ ಹೊಗೆ ನಿಯಮದಡಿ ನೋಂದಾಯಿಸಬಹುದು. ಆದರೆ ವರ್ಷಕ್ಕೆ 500 ಕಾರುಗಳಿಗೆ ಮಾತ್ರ ಆ ಅವಕಾಶ. ಅದು ಸಿಗದಿದ್ದರೆ ಇಂಜಿನ್ ಆಯ್ಕೆಯೇ ಬದಲಾಗಬಹುದು. ಹಾಗಾಗಿ ದುಡ್ಡು ಬಿಚ್ಚುವ ಮೊದಲೇ ವಿಚಾರಿಸಿ. ಊರಿನಲ್ಲಿ ಕಟ್ಟಬೇಕು ಅಂದುಕೊಂಡವರಿಗೆ ಒಂದು ಮಾತು: ಭಾರತದ ಮೋಟಾರು ವಾಹನ ಕಾಯ್ದೆಯ ಕಲಂ 52 ಇಂಥ ಬದಲಾವಣೆಗೆ ಬಿಗಿ ಕಡಿವಾಣ ಹಾಕಿದೆ. ಮೊದಲು ಆರ್‌ಟಿಒ ಬಾಗಿಲು ತಟ್ಟಿ.

ಬ್ರೇಕ್

ಬೀಟಲ್‌ನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ 2400 ಮಿ.ಮೀ., 356ರದ್ದು 2100. ಆದ್ದರಿಂದ ತಳವನ್ನು ಕತ್ತರಿಸಿ ಗಿಡ್ಡ ಮಾಡಿರುತ್ತಾರೆ. ಬ್ರೇಕ್ ಪೈಪ್‌ಗಳನ್ನೂ ಆಗಲೇ ಹೊಸದಾಗಿ ಎಳೆಯಿರಿ, ಹಳೆಯದನ್ನು ಬಗ್ಗಿಸಿ ಕೂರಿಸಬೇಡಿ. ತಳ 1967ಕ್ಕಿಂತ ಹಳೆಯ ಬೀಟಲ್‌ನದಾದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗ) ಒಂದೇ ಸರ್ಕ್ಯೂಟಿನದ್ದಾಗಿರುತ್ತದೆ. ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಎರಡು ಸರ್ಕ್ಯೂಟಿನದ್ದು ಹಾಕಿಯೇ ಮುಂದಿನ ಕೆಲಸ.

ಅಸಲಿ ಸ್ಪೀಡ್‌ಸ್ಟರ್‌ಗೆ ನಾಲ್ಕೂ ಕಡೆ ಡ್ರಮ್ ಇತ್ತು. ಮಾಮೂಲಿ 356ಕ್ಕೆ ಡಿಸ್ಕ್ ಬಂದದ್ದು ಕೊನೆಯ 'ಸಿ' ಮಾದರಿಯಲ್ಲಿ. ಸುಮಾರು 800 ಕಿಲೋ ತೂಗುವ ಕಾರಿಗೆ ಮುಂದೆ ಡಿಸ್ಕ್, ಹಿಂದೆ ಒಳ್ಳೆಯ ಡ್ರಮ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಇಂಜಿನ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಕೂತಿರುವುದರಿಂದ ಮೂತಿ ಹಗುರ. ಮುಂದೆ ದೊಡ್ಡ ರೇಸಿಂಗ್ ಡಿಸ್ಕ್ ಹಾಕಿದರೆ ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಬೇಗ ಜಾಮ್ ಆಗುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಡಿಸ್ಕ್ ಕಿಟ್ ಕೊಳ್ಳುವಾಗ ಚಕ್ರದ ಐದು ಬೋಲ್ಟ್ 205 ಮಿ.ಮೀ. ವ್ಯಾಸದ ವೃತ್ತದಲ್ಲಿ ಕೂರುವಂಥದ್ದನ್ನೇ ಕೇಳಿ. ಹಳೆಯ ಬೀಟಲ್‌ಗೂ ಸ್ಪೀಡ್‌ಸ್ಟರ್‌ಗೂ ಅದೇ ಅಳತೆ. ಆ ಅಳತೆಯ ಚಕ್ರ ಇಲ್ಲದಿದ್ದರೆ ಕಾರಿನ ಕಳೆಯೇ ಹೋಗುತ್ತದೆ.

ನಾನು ಪೆಟ್ಟು ತಿಂದದ್ದು ಮಾಸ್ಟರ್ ಸಿಲಿಂಡರ್‌ನಲ್ಲಿ. ಅಂಗಡಿಯವರು ಡಿಸ್ಕಿಗೆ ಆಗುತ್ತೆ ಅಂತ ಕೊಟ್ಟರು, ನಾನೂ ಹಾಕಿದೆ. ಎರಡು ಮೈಲಿ ಓಡಿಸಿ ನಿಲ್ಲಿಸಿದರೆ ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಜಾಕ್ ಹಾಕಿ ಎತ್ತಿ ಕೈಯಲ್ಲಿ ತಿರುಗಿಸಿದೆ, ಅಲ್ಲಾಡಲಿಲ್ಲ. ಅದು ಡ್ರಮ್ ಬ್ರೇಕಿನ ಸಿಲಿಂಡರ್. ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಅದರೊಳಗಿರುತ್ತದೆ. ಡ್ರಮ್ಮಿಗೆ ಅದು ಸರಿ, ಡಿಸ್ಕಿನಲ್ಲಿ ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ. ಮುಂದಿನ ಲೈನಿನಲ್ಲಿ ಆ ವಾಲ್ವ್ ಇಲ್ಲ ಎಂದು ಖಾತ್ರಿ ಮಾಡಿಕೊಂಡೇ ಬಿಗಿಯಿರಿ.

ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದು ಸಾಕು. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಪೇಂಟ್ ತಿಂದುಬಿಡುತ್ತದೆ.

ಇಂಜಿನ್

1954ರ ಸ್ಪೀಡ್‌ಸ್ಟರ್ 1500ಕ್ಕೆ ಇದ್ದದ್ದು 55 ಅಶ್ವಶಕ್ತಿ, 1500 ಎಸ್‌ಗೆ 70. ಇದು ತಲೆಯಲ್ಲಿದ್ದರೆ ಆಯ್ಕೆ ಸುಲಭ. ಬೀಟಲ್‌ನ 1584 ಸಿಸಿ ಇಂಜಿನ್ 50ರ ಹತ್ತಿರ ಕೊಡುತ್ತದೆ. ಆರಾಮಾಗಿ ಸುತ್ತಾಡುವವರಿಗೆ ಅದೇ ಸಾಕು. ಬೆಟ್ಟದ ರಸ್ತೆ ಇಷ್ಟವಾದರೆ 90.5 ಮಿ.ಮೀ. ಪಿಸ್ಟನ್ ಹಾಕಿ 1776 ಸಿಸಿ ಮಾಡಿಸಿ, ಎರಡು ಕಾರ್ಬುರೇಟರ್ ಕೂರಿಸಿ. ನನ್ನದು ಇದೇ. ಇನ್ನೂ ದೊಡ್ಡದು ಬೇಕೆಂದು 94 ಮಿ.ಮೀ.ಗೆ ಹೋದರೆ 1915 ಸಿಸಿ. ಶಕ್ತಿ ಸಿಗುತ್ತದೆ, ಬಿಸಿಯೂ ಜಾಸ್ತಿ. ಸುಬಾರು ಇಂಜಿನ್ ಹಾಕುವವರೂ ಇದ್ದಾರೆ. ರೇಡಿಯೇಟರ್ ಮೂತಿಯಲ್ಲಿಟ್ಟು ನೀರಿನ ಪೈಪನ್ನು ಹಿಂದಿನವರೆಗೂ ಎಳೆಯಬೇಕು. ನನಗೆ ಮಾತ್ರ ಆ ಗಾಳಿ ತಂಪಿನ ಇಂಜಿನ್ನಿನ ಸದ್ದು ಇಲ್ಲದ ಸ್ಪೀಡ್‌ಸ್ಟರ್ ಬೇಡ.

ಇಂಜಿನ್ನಿಗೆ ಹಾಕುವ ಎಣ್ಣೆ ಬರೀ ಎರಡೂವರೆ ಲೀಟರ್. ತಂಪು ಮಾಡುವ ಕೆಲಸದ ಒಂದು ಪಾಲು ಅದರದ್ದೇ. ಹಳೆಯ ಫ್ಯಾನ್ ಗೂಡಿನಲ್ಲಿ (ಇಂಜಿನ್ ಮೇಲಿನ ಫ್ಯಾನಿನ ತಗಡಿನ ಕವಚ) ಆಯಿಲ್ ಕೂಲರ್ ಗಾಳಿಗೆ ಅಡ್ಡ ನಿಂತು ಮೂರನೇ ಸಿಲಿಂಡರ್ ಜಾಸ್ತಿ ಬಿಸಿಯಾಗುತ್ತಿತ್ತು. 1971ರ ಮಾದರಿಯಿಂದ ಕೂಲರ್ ಪಕ್ಕಕ್ಕೆ ಸರಿಯಿತು. ಆ ಹೊಸ ಬಗೆಯ ಗೂಡನ್ನೇ ಹುಡುಕಿ ಹಾಕಿ.

ಫೈಬರ್ ಬಾಡಿಯಲ್ಲಿ ಇನ್ನೊಂದು ತೊಂದರೆ. ಇಂಜಿನ್ ಸುತ್ತಲಿನ ತಗಡಿಗೂ ಬಾಡಿಗೂ ನಡುವೆ ಸಂದು ಉಳಿದರೆ ಕೆಳಗಿನ ಬಿಸಿ ಗಾಳಿ ಮೇಲೆ ಬಂದು ಫ್ಯಾನ್ ಅದನ್ನೇ ಮತ್ತೆ ಎಳೆದುಕೊಳ್ಳುತ್ತದೆ. ರಾತ್ರಿ ಗರಾಜಿನ ದೀಪ ಆರಿಸಿ, ಕಾರಿನ ಅಡಿಗೆ ಒಂದು ಟಾರ್ಚ್ ಇಟ್ಟು, ಹಿಂದಿನ ಮುಚ್ಚಳ ಎತ್ತಿ ನೋಡಿ. ಎಲ್ಲೆಲ್ಲಿ ಬೆಳಕು ಕಾಣುತ್ತದೋ ಅಲ್ಲೆಲ್ಲ ರಬ್ಬರ್ ಪಟ್ಟಿ ಹಾಕಿ. ನನ್ನ ಕಾರಿನಲ್ಲಿ ಬಲಗಡೆ ಮೂಲೆಯಲ್ಲಿ ಬೆರಳು ತೂರುವಷ್ಟು ಜಾಗ ಇತ್ತು. ಅದನ್ನು ಮುಚ್ಚಿದ ಮೇಲೆ ಎಣ್ಣೆಯ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಸುಳಿದಿಲ್ಲ.

ಮೊದಲ ಓಟ

ಬ್ರೇಕ್ ಪೈಪಿನೊಳಗೆ ಸಿಕ್ಕ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ ಶುರು ಮಾಡಿ. ಎಡಗಡೆ ಸ್ಟೀರಿಂಗ್ ಇದ್ದರೆ ಅದು ಹಿಂದಿನ ಬಲ ಚಕ್ರ. ಆಮೇಲೆ ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ.ನಿಂದ 10ರವರೆಗೆ ಗಟ್ಟಿಯಾಗಿ ಬ್ರೇಕ್ ಒತ್ತಿ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ. ಪ್ಯಾಡ್ ಡಿಸ್ಕಿಗೆ ಒಗ್ಗಿಕೊಳ್ಳಲಿ. ಮನೆಗೆ ಬಂದು ಚಕ್ರದ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿಯಿರಿ. ಮಾರನೇ ದಿನ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಇಂಜಿನ್ ವಾಲ್ವಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು 0.15 ಮಿ.ಮೀ. ಇದೆಯಾ ನೋಡಿಕೊಳ್ಳಿ.