‘ಥ್ರಾಟಲ್’ ಪದವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವ ಕ್ರಮ

ವಿಜಯಪುರ, ಕಲಬುರಗಿ, ಬೆಳಗಾವಿಗಳಲ್ಲಿ ಐಟಿಐ ಮುಗಿಸಿ ಪುಣೆಯ ಭೋಸರಿ, ಚಿಂಚವಡ, ಚಾಕಣಗಳಿಗೆ ಕೆಲಸಕ್ಕೆ ಬರುವ ನಮ್ಮ ಹುಡುಗರಿಗೆ ‘ಥ್ರಾಟಲ್’ ಎಂಬ ಪದ ಬಹುಬೇಗ ಎದುರಾಗುತ್ತದೆ. ಗ್ಯಾರೇಜಿನಲ್ಲಿ ‘ರೇಸ್ ದೇ’ (ರೇಸ್ ಕೊಡು) ಎಂಬ ಮಾತಿನಲ್ಲೇ ಮುಗಿದುಹೋಗುವ ಸಂಗತಿ, ಸರ್ವಿಸ್ ಪುಸ್ತಕದಲ್ಲಿ ಥ್ರಾಟಲ್ ಬಾಡಿ, ಥ್ರಾಟಲ್ ಪೊಸಿಷನ್ ಸೆನ್ಸರ್ ಎಂದು ಹಲವು ಕಡೆ ಹರಡಿಕೊಂಡಿರುತ್ತದೆ. ‘ವೇಗ ಹೆಚ್ಚಿಸುವ ಭಾಗ’ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡವರು ಮುಂದೆ ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ, ಏಕೆಂದರೆ ಈ ಪದದ ಮೂಲ ಅರ್ಥ ಅದಕ್ಕೆ ತದ್ವಿರುದ್ಧವಾಗಿದೆ.

ಆದ್ದರಿಂದ ಮೊದಲು ಮೂಲವನ್ನು ತಿಳಿದುಕೊಳ್ಳಬೇಕು. ಗಂಟಲು ಎಂಬ ಅರ್ಥದ ‘ಥ್ರೋಟ್’ ಪದದಿಂದ ಹುಟ್ಟಿದ ಈ ಕ್ರಿಯಾಪದ, ಸುಮಾರು 1400ರ ಹೊತ್ತಿಗೆ ಕತ್ತು ಹಿಸುಕು, ಉಸಿರು ಕಟ್ಟಿಸು ಎಂಬ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಬಳಕೆಯಲ್ಲಿತ್ತು. ಯಂತ್ರದ ಅರ್ಥ ಬಂದದ್ದು ಉಗಿಯಂತ್ರದ ಕಾಲದಲ್ಲಿ. ಜೇಮ್ಸ್ ವ್ಯಾಟ್ 1788ರಲ್ಲಿ ತನ್ನ ಯಂತ್ರಕ್ಕೆ ವೇಗವನ್ನು ಹತೋಟಿಯಲ್ಲಿಡುವ ಗವರ್ನರ್ ಎಂಬ ಸಾಧನವನ್ನು ಅಳವಡಿಸಿದನು. ವೇಗ ಮಿತಿ ಮೀರಿದಾಗ ಅದರ ಸುತ್ತುವ ಗುಂಡುಗಳು ಹೊರಕ್ಕೆ ಚಾಚಿಕೊಂಡು, ಉಗಿಯ ಕೊಳವೆಯೊಳಗಿನ ಕವಾಟವನ್ನು ಮುಚ್ಚುತ್ತ ಬಂದು, ಯಂತ್ರವನ್ನು ಹತೋಟಿಗೆ ತರುತ್ತಿದ್ದವು. ಕೊಳವೆಯ ಕತ್ತು ಹಿಸುಕುವ ಆ ಕವಾಟಕ್ಕೆ ಥ್ರಾಟಲ್ ಎಂಬ ಹೆಸರು ನಿಂತಿತು.

ಇದನ್ನು ಓದಿ ಬಿಡುವುದಕ್ಕಿಂತ ಒಮ್ಮೆ ಕಣ್ಣಾರೆ ನೋಡುವುದು ಮೇಲು. ಎಕ್ಸಿಲರೇಟರಿಗೆ ಕೇಬಲ್ ಇರುವ ಹಳೆಯ ಪೆಟ್ರೋಲ್ ಕಾರೊಂದು ಗ್ಯಾರೇಜಿಗೆ ಬಂದಾಗ, ಎಂಜಿನ್ ಆಫ್ ಮಾಡಿ, ಉಸ್ತಾದರ ಅನುಮತಿ ಪಡೆದು, ಏರ್ ಫಿಲ್ಟರಿನಿಂದ ಬರುವ ಪೈಪನ್ನು ಬಿಚ್ಚಿರಿ. ಒಳಗೆ ಊಟದ ಸಣ್ಣ ಬಟ್ಟಲಿನಷ್ಟು ಅಗಲದ ದಾರಿಯಲ್ಲಿ ಒಂದು ದುಂಡು ತಟ್ಟೆ ಅಡ್ಡಲಾಗಿ ಕುಳಿತಿರುತ್ತದೆ, ಎಂಜಿನ್ನಿಗೆ ಹೋಗುವ ಗಾಳಿಯನ್ನು ತಡೆಯುವ ಥ್ರಾಟಲ್ ಕವಾಟ ಇದೇ; ಅದರ ಅಂಚಿನ ಸುತ್ತ ಕಪ್ಪು ಮಸಿ ಕಟ್ಟಿರುವುದೂ ಕಾಣುತ್ತದೆ. ಜೊತೆಗಾರನೊಬ್ಬ ಎಕ್ಸಿಲರೇಟರ್ ಒತ್ತಿದರೆ ಆ ತಟ್ಟೆ ನಿಧಾನವಾಗಿ ತಿರುಗಿ, ಕೊನೆಗೆ ಗಾಳಿಯ ದಾರಿಗೆ ಸಮಾನಾಂತರವಾಗಿ ನಿಲ್ಲುತ್ತದೆ, ಕಾಲು ತೆಗೆದೊಡನೆ ಸ್ಪ್ರಿಂಗಿನ ಬಲದಿಂದ ಮುಚ್ಚಿಕೊಳ್ಳುತ್ತದೆ. ಮೋಟರಿನಿಂದ ತಿರುಗುವ ಎಲೆಕ್ಟ್ರಾನಿಕ್ ಥ್ರಾಟಲಿಗೆ ಮಾತ್ರ ಬೆರಳು ಹಾಕಬಾರದು. ತಟ್ಟೆ ಹಠಾತ್ತನೆ ಮುಚ್ಚಿಕೊಂಡರೆ ಬೆರಳಿಗೆ ಗಾಯವಾಗುತ್ತದೆ.

ಇಷ್ಟು ನೋಡಿದ ಮೇಲೆ ‘ಫುಲ್ ಥ್ರಾಟಲ್’ ಎಂದರೆ ತಡೆಯನ್ನು ಪೂರ್ತಿ ತೆಗೆದ ಸ್ಥಿತಿ ಎಂಬುದು ತಾನಾಗಿಯೇ ತಿಳಿಯುತ್ತದೆ. ವಾಕ್ಯದಲ್ಲಿ ಪದ ನಾಮಪದವಾಗಿದ್ದರೆ ಅದು ಕವಾಟವನ್ನೋ ಅದನ್ನು ಆಡಿಸುವ ಹಿಡಿಯನ್ನೋ ಹೇಳುತ್ತದೆ. ಬರಿಯ ಕ್ರಿಯಾಪದವಾಗಿದ್ದರೆ ಬಹುಮಟ್ಟಿಗೆ ‘ತಡೆದು ಕಡಿಮೆ ಮಾಡು’ ಎಂದೇ ಅರ್ಥ. ಮೊಬೈಲ್ ಬಿಸಿಯಾದಾಗ ಪ್ರೊಸೆಸರ್ ತನ್ನ ವೇಗ ಇಳಿಸಿಕೊಳ್ಳುವುದನ್ನೂ, ಡೇಟಾ ಮಿತಿ ಮುಗಿದಾಗ ಇಂಟರ್ನೆಟ್ ನಿಧಾನವಾಗುವುದನ್ನೂ ಥ್ರಾಟ್ಲಿಂಗ್ ಎನ್ನುವುದು ಈ ಹಳೆಯ ಅರ್ಥದಲ್ಲಿಯೇ.

ಎಲ್ಲ ಎಂಜಿನ್‌ಗಳಿಗೂ ಇದೇ ವಿವರಣೆ ಹೊಂದುತ್ತದೆಂದು ಭಾವಿಸಬಾರದು. ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಗಾಳಿಗೆ ತಡೆಯೇ ಇರುವುದಿಲ್ಲ, ಎಕ್ಸಿಲರೇಟರ್ ಒತ್ತಿದಷ್ಟು ಡೀಸೆಲ್ ಹೆಚ್ಚು ಹೋಗುತ್ತದೆ. ಹೀಗಿದ್ದರೂ ನಮ್ಮ ರೈಲ್ವೆಯ ಡೀಸೆಲ್ ಎಂಜಿನ್‌ಗಳಲ್ಲಿ ಚಾಲಕರು 8 ನಾಚ್‌ಗಳವರೆಗೆ (ಹಂತಗಳವರೆಗೆ) ಏರಿಸುವ ಹಿಡಿಗೆ ಥ್ರಾಟಲ್ ಎಂಬ ಹೆಸರೇ ಉಳಿದಿದೆ. ಉಗಿಬಂಡಿಯ ಕಾಲದಲ್ಲಿ ಬ್ರಿಟಿಷರು ಇದೇ ಕೆಲಸದ ಹಿಡಿಯನ್ನು ರೆಗ್ಯುಲೇಟರ್ ಎನ್ನುತ್ತಿದ್ದರು, ಅಮೆರಿಕದವರು ಥ್ರಾಟಲ್ ಎನ್ನುತ್ತಿದ್ದರು.

ಇನ್ನು ಹೆಚ್ಚು ಗೊಂದಲ ತರುವುದು ‘ಚೋಕ್’. ಇದರ ಅರ್ಥವೂ ಉಸಿರು ಕಟ್ಟಿಸುವುದೇ, ಇದೂ ಗಾಳಿಯನ್ನೇ ತಡೆಯುತ್ತದೆ. ಆದರೆ ತಣ್ಣಗಿರುವ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗಲೆಂದು ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸುವುದು ಇದರ ಉದ್ದೇಶ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಯಾಗಿ, ದ್ವಿಚಕ್ರ ವಾಹನಗಳಿಗೂ ಪೆಟ್ರೋಲನ್ನು ಬೇಕಾದಷ್ಟೇ ಅಳೆದು ಚಿಮ್ಮಿಸುವ ಫ್ಯೂಯೆಲ್ ಇಂಜೆಕ್ಷನ್ ಬಂದ ಮೇಲೆ ಹೊಸ ಗಾಡಿಗಳಲ್ಲಿ ಚೋಕ್ ಬಹುಪಾಲು ಮರೆಯಾಗಿದೆ. ಗಾಡಿಗೆ ಮಾಡಬೇಕಾದ ಕೆಲಸ ಬರೆಯುವ ಜಾಬ್ ಕಾರ್ಡಿನಲ್ಲಿ ಥ್ರಾಟಲ್, ಚೋಕ್ ಎರಡನ್ನು ಅದಲುಬದಲು ಬರೆದರೆ ತಪ್ಪು ಭಾಗ ಬಿಚ್ಚುವಂತಾಗುತ್ತದೆ. ಆದ್ದರಿಂದ ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳುವಾಗ ಥ್ರಾಟಲ್, ಚೋಕ್ ಎಂಬ ಹೆಸರುಗಳನ್ನು ಹಾಗೆಯೇ ಉಳಿಸಿ, ಅದರ ಮುಂದೆ ಏನನ್ನು ತಡೆಯುತ್ತದೆ, ಯಾವಾಗ ತೆರೆಯುತ್ತದೆ ಎಂದು ಒಂದು ಸಾಲು ಬರೆದುಕೊಳ್ಳಿರಿ.