‘ಇನ್ನು ಈ ಕಾರು ಬರುವುದಿಲ್ಲ’ ಎಂದಾಗ ಹೆಚ್ಚುವರಿ ಹಣ ಕೊಡಬೇಕೆ?

1976ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನ ಕ್ಯಾಡಿಲಾಕ್ ಕಾರ್ಖಾನೆಯಿಂದ ಎಲ್ಡೊರಾಡೊ ಕನ್ವರ್ಟಿಬಲ್ ಮಾದರಿಯ ಕೊನೆಯ ಕಾರು ಹೊರಬಂತು. ಮಡಚುವ ಛಾವಣಿಯ ಅಮೆರಿಕನ್ ಕಾರಿನ ಕಾಲ ಮುಗಿಯಿತು ಎಂಬ ಪ್ರಚಾರ ಜೋರಾಗಿತ್ತು. ಆ ವರ್ಷ 14,000 ಕಾರುಗಳು ತಯಾರಾದವು. ಕೊನೆಯ 200 ಕಾರುಗಳಿಗೆ ಒಂದೇ ಬಗೆಯ ಬಿಳಿ ಬಣ್ಣ ಬಳಿದರು. ಸುಮಾರು 11,000 ಡಾಲರ್‌ನ ಕಾರಿಗೆ ಜನ ಮೇಲೆ ಸಾವಿರಾರು ಡಾಲರ್ ಕೊಟ್ಟು ಕೊಂಡರು. ಕೆಲವರು ಓಡಿಸದೆ ಹೊದಿಕೆ ಹಾಕಿ ಇಟ್ಟರು. 1984ರ ಮಾದರಿಯಾಗಿ ಕ್ಯಾಡಿಲಾಕ್ ಅದೇ ಹೆಸರಿನ ಕನ್ವರ್ಟಿಬಲ್ ಅನ್ನು ಮತ್ತೆ ಮಾರಾಟಕ್ಕಿಟ್ಟಿತು. ಹಳೆಯ ಗ್ರಾಹಕರು ಕೋರ್ಟಿಗೆ ಹೋದರು, ಗೆಲ್ಲಲಿಲ್ಲ.

ಆ ಎಲ್ಡೊರಾಡೊ ಸ್ಪೋರ್ಟ್ಸ್ ಕಾರೇನೂ ಅಲ್ಲ. ಆದರೆ ಇಂದು ಪೋರ್ಶೆ, ಲ್ಯಾಂಬೊರ್ಗಿನಿ, ಬುಗಾಟಿ ಷೋರೂಮುಗಳಲ್ಲಿ ನಡೆಯುವ ವ್ಯಾಪಾರದ ಮೂಲ ಸೂತ್ರ ಅದೇ. ‘ಅಂಗಡಿ ಖಾಲಿ ಮಾಡುತ್ತಿದ್ದೇವೆ’ ಎಂಬ ಬೋರ್ಡು ವರ್ಷಗಟ್ಟಲೆ ತೂಗುವ ಬಟ್ಟೆ ಅಂಗಡಿಗಳನ್ನು ನಾವೆಲ್ಲ ನೋಡಿದ್ದೇವೆ. ಕಾರಿನ ಲೋಕದಲ್ಲಿ ಆ ಬೋರ್ಡಿನ ಬೆಲೆ ಲಕ್ಷಾಂತರ ಡಾಲರ್. ಅಮೆರಿಕದಲ್ಲೋ ದುಬೈನಲ್ಲೋ ಇಂಥ ಕಾರಿಗೆ ಹಣ ಎಣಿಸಲು ಹೊರಟ ಕನ್ನಡಿಗರಿದ್ದರೆ, ಅಥವಾ ಕುತೂಹಲಕ್ಕಾಗಿಯೇ ಈ ವ್ಯವಹಾರವನ್ನು ತಿಳಿಯಬೇಕೆನ್ನುವವರಿದ್ದರೆ, ಪರೀಕ್ಷಿಸುವ ಕ್ರಮ ಹೀಗೆ.

ಹೆಜ್ಜೆ 1: ಕೊನೆಯಾಗುತ್ತಿರುವುದು ಯಾವುದು?

ಮಾರುವವನು ‘ಕೊನೆಯದು’ ಎಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಯಾವುದರ ಕೊನೆ? ಎಂಜಿನ್ನಿನದೋ, ಗೇರ್‌ಬಾಕ್ಸಿನದೋ, ಮಾದರಿಯ ಹೆಸರಿನದೋ, ಅಥವಾ ಬರೀ ಒಂದು ಬಣ್ಣ ಮತ್ತು ಸೀಟಿನ ಹೊದಿಕೆಯದೋ? ಬೆಲೆ ನಿಲ್ಲುವುದು ಈ ಉತ್ತರದ ಮೇಲೆ.

ಪೋರ್ಶೆ 911 ಆರ್ ಇದಕ್ಕೆ ಒಳ್ಳೆಯ ಪಾಠ. 2016ರಲ್ಲಿ ಬಂದ ಈ ಕಾರನ್ನು 991ಕ್ಕೆ ಸೀಮಿತಗೊಳಿಸಲಾಗಿತ್ತು. 4 ಲೀಟರ್ ಎಂಜಿನ್, 500 ಅಶ್ವಶಕ್ತಿ, ಆರು ಗೇರುಗಳ ಮ್ಯಾನ್ಯುಯಲ್, ಹಿಂದೆ ದೊಡ್ಡ ರೆಕ್ಕೆ ಇಲ್ಲ. ಆಗಿನ 911 ಜಿಟಿ3 ಕಾರಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾತ್ರವಿತ್ತು. ಹಾಗಾಗಿ ಕೈಯಲ್ಲಿ ಗೇರ್ ಹಾಕುವ ಸುಖಕ್ಕೆ ಇದೇ ಕೊನೆಯ ಅವಕಾಶ ಎಂದು ಜನ ನಂಬಿದರು. ಅಮೆರಿಕದಲ್ಲಿ 1,84,900 ಡಾಲರ್‌ನ ಕಾರಿಗೆ ಮರುಮಾರಾಟದಲ್ಲಿ ಅದರ ಹಲವು ಪಟ್ಟು ಕೇಳತೊಡಗಿದರು. 2017ರಲ್ಲಿ ಪೋರ್ಶೆ ಹೊಸ ಜಿಟಿ3ಗೆ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಕೊಟ್ಟಿತು. ಅದೇ ವರ್ಷ ರೆಕ್ಕೆಯಿಲ್ಲದ ಟೂರಿಂಗ್ ಆವೃತ್ತಿಯನ್ನೂ ತಂದಿತು, ಸಂಖ್ಯೆಯ ಮಿತಿಯಿಲ್ಲದೆ. 911 ಆರ್ ಬೆಲೆ ಕುಸಿಯಿತು. ಮುಂದೆ ಅದು ಚೇತರಿಸಿಕೊಂಡಿತು, ನಿಜ. ಆದರೆ ಉಬ್ಬಿದ ಗಳಿಗೆಯಲ್ಲಿ ಕೊಂಡು, ಇಳಿದಾಗ ಮಾರಬೇಕಾಗಿ ಬಂದವರಿಗೆ ಆ ಚೇತರಿಕೆಯಿಂದ ಏನೂ ದಕ್ಕಲಿಲ್ಲ.

ಲ್ಯಾಂಬೊರ್ಗಿನಿಯ ಅವೆಂಟಡೋರ್ ಮಾದರಿಯ ಕೊನೆಯ ಆವೃತ್ತಿ ಅಲ್ಟಿಮೇ ಸ್ವಲ್ಪ ಬೇರೆ. 350 ಕೂಪೆ (ಮುಚ್ಚಿದ ಛಾವಣಿಯವು), 250 ರೋಡ್‌ಸ್ಟರ್ (ಛಾವಣಿ ತೆಗೆಯಬಲ್ಲವು); ಎಲ್ಲಕ್ಕೂ ವಿ12, ಅಂದರೆ ಹನ್ನೆರಡು ಸಿಲಿಂಡರಿನ ಎಂಜಿನ್. 2023ರಲ್ಲಿ ಬಂದ ರೆವುಎಲ್ಟೊದಲ್ಲೂ ವಿ12 ಎಂಜಿನ್ ಇದೆ, ಆದರೆ ಜತೆಗೆ ವಿದ್ಯುತ್ ಮೋಟಾರುಗಳೂ ಇವೆ. ಎಂದರೆ ವಿ12 ಮುಗಿಯಲಿಲ್ಲ, ಮೋಟಾರಿನ ನೆರವಿಲ್ಲದ ವಿ12 ಮುಗಿಯಿತು. ಈ ವ್ಯತ್ಯಾಸಕ್ಕೆ ಹಣ ಕೊಡುವುದು ಅವರವರ ರುಚಿಗೆ ಬಿಟ್ಟದ್ದು.

ಬುಗಾಟಿಯ ‘ಕೊನೆ’ಗಳಂತೂ ಮುಗಿಯುವ ಲಕ್ಷಣವೇ ಇಲ್ಲ. ಮಿಸ್ಟ್ರಾಲ್ ಎಂಬ ಕಾರನ್ನು ಡಬ್ಲ್ಯು16 ಎಂಬ ಹದಿನಾರು ಸಿಲಿಂಡರಿನ ಎಂಜಿನ್ನಿನ, ರಸ್ತೆಯ ಮೇಲಿನ ಕೊನೆಯ ಕಾರು ಎಂದು 2022ರಲ್ಲಿ ಪರಿಚಯಿಸಿದರು. 2025ರಲ್ಲಿ ಅದೇ ಎಂಜಿನ್ನಿನ ಬ್ರುಯಾರ್ ಬಂತು, ಒಬ್ಬನೇ ಗ್ರಾಹಕನಿಗಾಗಿ.

ಹೆಜ್ಜೆ 2: ಸಂಖ್ಯೆ ಯಾರ ಬಾಯಿಂದ ಬಂದದ್ದು?

ಡೀಲರ್ ಹೇಳಿದ ಸಂಖ್ಯೆಗೆ ಬೆಲೆ ಇಲ್ಲ. ಕಂಪನಿಯ ಅಧಿಕೃತ ಪ್ರಕಟಣೆಯಲ್ಲಿ ಏನಿದೆ ನೋಡಿ. ‘ಸೀಮಿತ ಅವಧಿಗೆ’ ಎಂದಿದ್ದರೆ ಆ ಅವಧಿಯಲ್ಲಿ ಎಷ್ಟು ಬೇಕಾದರೂ ತಯಾರಿಸಬಹುದು. ‘ಇಷ್ಟೇ ಕಾರುಗಳು’ ಎಂದಿದ್ದರೂ ಅದು ಕಲ್ಲಿನಲ್ಲಿ ಕೊರೆದದ್ದಲ್ಲ. ಫೋರ್ಡ್ ಜಿಟಿ ಮೊದಲು ವರ್ಷಕ್ಕೆ 250ರಂತೆ ಎರಡು ವರ್ಷ ಎಂದಿತ್ತು, ಅಂದರೆ 500. ಬೇಡಿಕೆ ನೋಡಿ 1,000 ಆಯಿತು. 2018ರಲ್ಲಿ ಕೊಳ್ಳುವವರಿಂದ ಮತ್ತೆ ಅರ್ಜಿ ಕರೆದು 1,350 ಎಂದರು. ಫೆರಾರಿಯದು ಇನ್ನೊಂದು ದಾರಿ: 499 ಲಾಫೆರಾರಿ ಆದ ಮೇಲೆ ಇಟಲಿಯ ಭೂಕಂಪ ಸಂತ್ರಸ್ತರಿಗಾಗಿ 500ನೆಯದನ್ನು ತಯಾರಿಸಿ 2016ರಲ್ಲಿ 70 ಲಕ್ಷ ಡಾಲರ್‌ಗೆ ಹರಾಜು ಹಾಕಿತು. ಉದ್ದೇಶ ಒಳ್ಳೆಯದೇ, ಯಾರೂ ತಕರಾರು ಮಾಡಲಿಲ್ಲ. ಸಂಖ್ಯೆಯನ್ನು ಹಿಗ್ಗಿಸಬಹುದು ಎಂಬುದಂತೂ ಗೊತ್ತಾಯಿತು.

ನಿಂತ ತಯಾರಿಕೆ ಮತ್ತೆ ಶುರುವಾಗುವುದೂ ಉಂಟು. 2019ರ ಮಾರ್ಚ್‌ನಲ್ಲಿ ಗ್ರಾಂಡೆ ಅಮೆರಿಕ ಎಂಬ ಹಡಗು ಫ್ರಾನ್ಸ್ ಕರಾವಳಿಯಾಚೆ ಮುಳುಗಿದಾಗ ಬ್ರೆಜಿಲ್‌ಗೆ ಹೊರಟಿದ್ದ ನಾಲ್ಕು 911 ಜಿಟಿ2 ಆರ್‌ಎಸ್ ಕಾರುಗಳು ಸಮುದ್ರ ಸೇರಿದವು. ಆ ಮಾದರಿಯ ತಯಾರಿಕೆ ಹಿಂದಿನ ತಿಂಗಳೇ ನಿಂತಿತ್ತು. ಆ ನಾಲ್ವರು ಗ್ರಾಹಕರಿಗಾಗಿ ಪೋರ್ಶೆ ಮತ್ತೆ ಶುರು ಮಾಡಲು ನಿರ್ಧರಿಸಿತು. ಕಳೆದುಹೋದದ್ದಕ್ಕೆ ಬದಲಿಯಾದ್ದರಿಂದ ಇಲ್ಲಿ ಕಾರುಗಳ ಲೆಕ್ಕವೇನೂ ಏರಲಿಲ್ಲ. ಫೋರ್ಡ್ ಮಾಡಿದ್ದು ಅದಲ್ಲ.

ಹೆಜ್ಜೆ 3: ನಿಲ್ಲಿಸಲು ಕಾರಣವೇನು?

ಮಾರಾಟ ಕುಸಿದು ನಿಂತ ಕಾರು ಮಾರುಕಟ್ಟೆ ಚಿಗುರಿದಾಗ ಮರಳುತ್ತದೆ. ಜಾರಿಗೆ ಬಂದ ಕಾನೂನಿನಿಂದ ನಿಂತದ್ದು ಸುಲಭಕ್ಕೆ ಮರಳುವುದಿಲ್ಲ. ಡಾಜ್ ವೈಪರ್ ಎರಡನ್ನೂ ಕಂಡಿದೆ. 2010ರಲ್ಲಿ ‘ಫೈನಲ್ ಎಡಿಷನ್’ ಎಂದು 50 ಕಾರುಗಳನ್ನು ಮಾರಿದರು, 2013ರ ಮಾದರಿಯಾಗಿ ವೈಪರ್ ಮರಳಿತು. 2017ರಲ್ಲಿ ಮತ್ತೆ ನಿಂತಾಗ ಸನ್ನಿವೇಶವೇ ಬೇರೆ: ಹೊಸ ಸುರಕ್ಷತಾ ನಿಯಮಕ್ಕೆ ಬೇಕಾದ, ಕಿಟಕಿಯ ಪಕ್ಕ ಪರದೆಯಂತೆ ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ಕೂರಿಸಲು ಆ ಕಾರಿನಲ್ಲಿ ಜಾಗವಿರಲಿಲ್ಲ, ಡೆಟ್ರಾಯಿಟ್‌ನ ಕಾನರ್ ಅವೆನ್ಯೂ ಕಾರ್ಖಾನೆಯನ್ನೇ ಮುಚ್ಚಿದರು. ಎರಡನೆಯ ವಿದಾಯ ನಂಬಲರ್ಹ. ಎಲ್ಡೊರಾಡೊ ಕಾಲದಲ್ಲಿ ಇದ್ದದ್ದು ಕಾರು ಮಗುಚಿದಾಗಿನ ಸುರಕ್ಷತೆಯ ಬಗ್ಗೆ ಕಠಿಣ ನಿಯಮ ಬರಬಹುದೆಂಬ ಭಯ ಮಾತ್ರ.

ಹೆಜ್ಜೆ 4: ಕಾಗದ ಓದಿ

ಅಮೆರಿಕದಲ್ಲಿ ಹೊಸ ಕಾರಿನ ಕಿಟಕಿಗೆ ಬೆಲೆಯ ಸ್ಟಿಕರ್ ಅಂಟಿಸುವುದು 1958ರ ಕಾಯ್ದೆಯಿಂದ ಕಡ್ಡಾಯ. ಅದರ ಪಕ್ಕದಲ್ಲಿ ‘ಮಾರುಕಟ್ಟೆ ಹೊಂದಾಣಿಕೆ’ ಎಂದು ಇನ್ನೊಂದು ಚೀಟಿ ಇದ್ದರೆ ಅದು ಡೀಲರ್ ತಾನೇ ಅಂಟಿಸಿದ್ದು. ಚೌಕಾಸಿ ಮಾಡಬೇಕಾದದ್ದು ಅದರ ಮೇಲೆ. ಮುಂಗಡ ಕೊಡುವ ಮೊದಲು ಕಂಪನಿ ನಿಮ್ಮ ಆರ್ಡರ್ ಒಪ್ಪಿಕೊಂಡ ದಾಖಲೆ ಕೇಳಿ. ಕಾರು ಬರದಿದ್ದರೆ ಮುಂಗಡ ಮರಳುತ್ತದೆಯೇ ಎಂಬುದು ಬರಹದಲ್ಲಿರಲಿ. ಮರುಮಾರಾಟದ ಷರತ್ತನ್ನೂ ಹುಡುಕಿ. ಫೋರ್ಡ್ ಜಿಟಿಯನ್ನು ಎರಡು ವರ್ಷ ಮಾರುವಂತಿರಲಿಲ್ಲ; ಬೇಗನೆ ಮಾರಿದ ಕುಸ್ತಿಪಟು ಜಾನ್ ಸೀನ ಮೇಲೆ ಕಂಪನಿ 2017ರಲ್ಲಿ ಮೊಕದ್ದಮೆ ಹೂಡಿತು. ಮರುವರ್ಷ ರಾಜಿಯಾಯಿತು.

ಹೆಜ್ಜೆ 5: ಹೆಚ್ಚುವರಿ ಹಣದ ನಿಜವಾದ ಲೆಕ್ಕ

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಸ್ಟಿಕರ್ ಬೆಲೆ 2 ಲಕ್ಷ ಡಾಲರ್, ಮೇಲೆ 80,000 ಡಾಲರ್. ಕ್ಯಾಲಿಫೋರ್ನಿಯಾದ ಕನಿಷ್ಠ ಮಾರಾಟ ತೆರಿಗೆ ಶೇ 7.25 ಬೀಳುವುದು ಇಡೀ 2.8 ಲಕ್ಷದ ಮೇಲೆ: 20,300 ಡಾಲರ್. ಕೈಬಿಟ್ಟ ಹಣ 3,00,300. ಅದೇ ಹಣ ಬೇರೆಡೆ ವರ್ಷಕ್ಕೆ ಶೇ 5ರಂತೆ ಬೆಳೆದಿದ್ದರೆ ನಾಲ್ಕು ವರ್ಷಕ್ಕೆ ಸುಮಾರು 3.65 ಲಕ್ಷ ಆಗುತ್ತಿತ್ತು. ಅಂದರೆ ನಷ್ಟವಿಲ್ಲದೆ ಹೊರಬರಲು ನಾಲ್ಕು ವರ್ಷ ಹಳೆಯ ಕಾರನ್ನು ಸ್ಟಿಕರ್ ಬೆಲೆಗಿಂತ ಶೇ 80ಕ್ಕೂ ಹೆಚ್ಚಿಗೆ ಮಾರಬೇಕು. ವಿಮೆ, ಸರ್ವಿಸ್, ಗ್ಯಾರೇಜು ಬಾಡಿಗೆ ಇನ್ನೂ ಸೇರಿಲ್ಲ. ಕರ್ನಾಟಕದಲ್ಲಿ ನೋಂದಣಿ ಮಾಡಿಸುವವರಿಗೆ ಆಮದು ಸುಂಕದ ಹೊರೆಯ ಮೇಲೆ, 20 ಲಕ್ಷ ರೂಪಾಯಿ ದಾಟಿದ ಕಾರಿಗೆ ಶೇ 18ರ ಜೀವಿತಾವಧಿ ತೆರಿಗೆಯೂ ಉಂಟು.

ನನ್ನ ಅಭಿಪ್ರಾಯ ಕೇಳಿದರೆ, ಓಡಿಸುವ ಆಸೆಯಿಂದ ಕೊಡುವ ಹೆಚ್ಚುವರಿ ಹಣಕ್ಕೆ ಅರ್ಥವಿದೆ, ಹೂಡಿಕೆ ಎಂಬ ಹೆಸರಿನಲ್ಲಿ ಕೊಡುವುದಕ್ಕೆ ಬಹುಪಾಲು ಇಲ್ಲ. ಕಾಯುವ ತಾಳ್ಮೆ ಇದ್ದರೆ ಲೆಕ್ಸಸ್ ಎಲ್‌ಎಫ್‌ಎ ನೆನಪಿರಲಿ: 500 ಕಾರುಗಳ ತಯಾರಿಕೆ 2012ರ ಡಿಸೆಂಬರ್‌ನಲ್ಲಿ ಮುಗಿದಿತ್ತು, 2017ರಲ್ಲೂ ಅಮೆರಿಕದ ಡೀಲರ್‌ಗಳ ಬಳಿ ಮಾರಾಟವಾಗದ ಹೊಸ ಕಾರುಗಳಿದ್ದವು. ಇಂದು ಆ ಕಾರಿನ ಬೆಲೆ ಮೂಲ ಬೆಲೆಗಿಂತ ಎಷ್ಟೋ ಮೇಲಿದೆ.

ಹೆಜ್ಜೆ 6: ಕೊಂಡದ್ದೇ ಆದರೆ

ಕಿಟಕಿಯ ಸ್ಟಿಕರ್, ಎರಡೂ ಕೀಲಿಗಳು, ಕಾರಿನ ಜತೆ ಬಂದ ಹೊದಿಕೆ, ಪ್ರತಿಯೊಂದು ಸರ್ವಿಸ್ ಬಿಲ್ ಒಂದೇ ಕಡೆ ಇಡಿ. ವಿಮೆಯನ್ನು ಮೊದಲೇ ಒಪ್ಪಿದ ಮೌಲ್ಯಕ್ಕೆ ಮಾಡಿಸಿ. ಇಲ್ಲವಾದರೆ ಅಪಘಾತವಾದಾಗ ಮೇಲೆ ಕೊಟ್ಟ 80,000 ಡಾಲರ್ ಕೈಗೆ ಬರುತ್ತದೆಂಬ ಖಾತರಿಯಿಲ್ಲ. ನಿಲ್ಲಿಸಿಟ್ಟ ಕಾರಿನ ಟಯರ್ ಓಡದಿದ್ದರೂ ಹಳತಾಗುತ್ತದೆ. ಟಯರಿನ ಬದಿಯ ಮೇಲೆ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಎಂದು ಶುರುವಾಗುವ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ: 1216 ಎಂದಿದ್ದರೆ 2016ರ ಹನ್ನೆರಡನೆಯ ವಾರ ತಯಾರಾದದ್ದು. ಮುಂದೆ ಕೊಳ್ಳಲು ಬರುವ ಜಾಣ ಗ್ರಾಹಕ ಅದನ್ನು ಓದದೆ ಬೆಲೆ ಹೇಳುವುದಿಲ್ಲ.