ಯಾವ ಕುಲಕರ್ಣಿ? ಕಾದಂಬರಿಕಾರರನ್ನ ಗುರುತು ಹಿಡಿಯೋದು ಹೇಗೆ

ಧಾರವಾಡದಲ್ಲಿ ಕಲ್ಲು ಎಸೆದರೆ ಸಾಹಿತಿ ಮನೆ ಮೇಲೆ ಬೀಳುತ್ತೆ ಅಂತಾರಲ್ವಾ? ಆ ಮನೆ ಬೋರ್ಡಿನಲ್ಲಿ ಕುಲಕರ್ಣಿ ಅಂತಿದ್ದರೂ ಇರಬಹುದು. ಹಾಗಾಗಿ ಲೈಬ್ರರಿಗೆ ಹೋಗಿ ಸುಮ್ನೆ 'ಕುಲಕರ್ಣಿಯವರ ಕಾದಂಬರಿ ಕೊಡಿ' ಅನ್ನಬೇಡಿ. ನಾನು ಹಾಗೆ ಕೇಳಿದ್ದೆ. ಟೇಬಲ್ ಮೇಲೆ ಧೂಳು ಹಿಡಿದ ಏಳು ಪುಸ್ತಕ ಬಂದವು, ನನಗೆ ಬೇಕಾದ್ದು ಮಾತ್ರ ಇರಲಿಲ್ಲ.

ಮೊದಲು ಕಾವ್ಯನಾಮ ನೋಡಿ. ಇಲ್ಲಿ ಅಡ್ಡಹೆಸರು ಎಷ್ಟೋ ಸಲ ಅದರ ಹಿಂದೆ ಅಡಗಿರುತ್ತೆ. ವೆಂಕಟೇಶ ತಿರಕೋ ಕುಲಕರ್ಣಿ ಅಂದರೆ ಗಳಗನಾಥರು, ಹಾವೇರಿ ಜಿಲ್ಲೆಯಲ್ಲಿ ವರದೆ ತುಂಗಭದ್ರೆ ಸೇರುವ ಊರಿನ ಹೆಸರನ್ನೇ ಇಟ್ಟುಕೊಂಡವರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಆರ್.ಬಿ. ಕುಲಕರ್ಣಿ ಅಂದರೆ ರಾವಬಹಾದ್ದೂರ ಅನ್ನೋ ಕಾವ್ಯನಾಮದಲ್ಲಿ 'ಗ್ರಾಮಾಯಣ' ಕಾದಂಬರಿ ಬರೆದವರು.

ಆಮೇಲೆ ವಸ್ತು. ವಿಜಯನಗರದ ಕಥೆಯ 'ಮಾಧವ ಕರುಣಾವಿಲಾಸ' ಇದ್ದರೆ ಗಳಗನಾಥರದು. ಹಳ್ಳಿ ರಾಜಕೀಯ, ಜಗಳ ಜಾಸ್ತಿ ಇದ್ದರೆ ರಾವಬಹಾದ್ದೂರರದು ಇರಬಹುದು.

ಪಾಟೀಲ ಅನ್ನೋ ಅಡ್ಡಹೆಸರಿನಲ್ಲೂ ಇದೇ ಗೊಂದಲ, ಆದರೆ ಅದಕ್ಕೆ ಪೂರ್ತಿ ಹೆಸರು ಸಾಕು. 'ತೇರು' ಕಾದಂಬರಿ ರಾಘವೇಂದ್ರ ಪಾಟೀಲರದು, ಅದಕ್ಕೆ 2005ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಚಂದ್ರಶೇಖರ ಪಾಟೀಲ, ಅಂದರೆ ಚಂಪಾ, ಕವಿ ಮತ್ತು ನಾಟಕಕಾರ. ಅವರನ್ನ ಕಾದಂಬರಿ ಕಪಾಟಿನಲ್ಲಿ ಹುಡುಕಬೇಡಿ.